ಮೊಣಕಾಲುದ್ದ ನೀರು

ನನಗೆ ಈಜು ಬರುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ದೋಣಿ ಆರಿಸಲು ಹೋದ ದಿನ ಅದು ಯಾರ ತಲೆಗೂ ಬರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಗಾವಡಗೆರೆ ಕಡೆಯ ಬೇಸಾಯದ ಮನೆಯಲ್ಲಿ. ಅಲ್ಲಿ ನೀರೆಂದರೆ ಕೊಡದಲ್ಲಿ ತರುವುದು, ಹೊಗೆಸೊಪ್ಪಿನ ಸಸಿಯ ಬುಡಕ್ಕೆ ಸುರಿಯುವುದು. ಆಚೆ ದಡ ಸರಿಯಾಗಿ ಕಾಣದಷ್ಟು ನೀರನ್ನು ನಾನು ನೋಡಿದ್ದೇ ಮದುವೆಯಾಗಿ ಎಚ್.ಡಿ. ಕೋಟೆ ತಾಲ್ಲೂಕಿನ ಹಿನ್ನೀರಿನ ಊರಿಗೆ ಬಂದ ಮೇಲೆ. ನೋಡಿ ಖುಷಿಯೇನೂ ಆಗಲಿಲ್ಲ, ಹೆದರಿಕೆಯಾಯಿತು.

ಆ ಊರಿನಲ್ಲಿ ಮೀನು ಹಿಡಿಯುವುದು ಗಂಡಹೆಂಡತಿ ಕೂಡಿ ಮಾಡುವ ಕೆಲಸ. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಬಲೆ ಎಳೆಯಬೇಕು. ಮಾವನವರು ತೀರಿಕೊಂಡ ಮೇಲೆ ಅತ್ತೆ ಮಗನ ಜೊತೆ ಹೋಗುತ್ತಿದ್ದರಂತೆ. ನಾನು ಬಂದ ಮೇಲೆ ಆ ಜಾಗ ನನ್ನದಾಯಿತು. ಮೊದಮೊದಲು ಕಣ್ಣು ಮುಚ್ಚಿ ಕೂರುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಬಲೆ ಎಳೆಯುವವಳನ್ನು ಎಲ್ಲಿಂದ ತಂದೆ ಎಂದು ದಡದಲ್ಲಿದ್ದವರು ನಮ್ಮವರನ್ನು ಆಡಿಕೊಳ್ಳುತ್ತಿದ್ದರು. ಬರಬರುತ್ತಾ ಹರಿಗೋಲು ಅಭ್ಯಾಸವಾಯಿತು. ನಮ್ಮ ಕಡೆ ಅದನ್ನು ತೆಪ್ಪ ಎನ್ನುತ್ತಾರೆ. ದೊಡ್ಡದೊಂದು ಬಿದಿರಿನ ಬುಟ್ಟಿ, ಅದರ ತಳಕ್ಕೆ ಬಿಗಿದ ಟಾರ್ಪಾಲು, ಮೇಲೆ ಬಳಿದ ಟಾರು, ಅಷ್ಟೆ. ಅದು ಗಿರಗಿರ ತಿರುಗುತ್ತದೆ, ಒಂದು ಕಡೆಗೆ ವಾಲುತ್ತದೆ, ಆದರೆ ಸುಲಭಕ್ಕೆ ಮಗುಚುವುದಿಲ್ಲ. ಅಂಚಿನ ಮೇಲೆ ಎದೆಯಿಟ್ಟು ಬಗ್ಗಿ ಬಲೆ ಎಳೆದರೂ ಸಹಿಸಿಕೊಳ್ಳುತ್ತದೆ. ಈಜು ಬಾರದವಳು ಅಷ್ಟು ವರ್ಷ ನಡುನೀರಿನಲ್ಲಿ ಅನ್ನ ಸಂಪಾದಿಸಿದೆನೆಂದರೆ ಅದು ಆ ಬುಟ್ಟಿಯ ಮೇಲಿನ ನಂಬಿಕೆಯಿಂದ.

ಆದರೆ ನಮ್ಮ ಹಿನ್ನೀರಿನ ಕೆಳಗೆ ಒಂದು ಕಾಡು ನಿಂತಿದೆ. ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಮರಗಳು ಇನ್ನೂ ಅಲ್ಲೇ ಇವೆ. ಕೆಲವು ನೀರಿನಿಂದ ಮೇಲೆ ತಲೆಯೆತ್ತಿ ಬೆಳ್ಳಗೆ ನಿಂತಿರುತ್ತವೆ, ಅವುಗಳ ಮೇಲೆ ನೀರುಕಾಗೆ ಕೂತಿರುತ್ತದೆ, ಅವುಗಳಿಂದ ತೊಂದರೆಯಿಲ್ಲ. ಕಾಣದಂತೆ ಒಂದು ಗೇಣು ಕೆಳಗೆ ಮೊನಚಾಗಿ ನಿಂತಿರುವ ಬೊಡ್ಡೆಗಳೇ ತೆಪ್ಪದ ಹೊಟ್ಟೆ ಸೀಳುವುದು. ನಮ್ಮ ತೆಪ್ಪಕ್ಕೆ ಹಾಕಿದ ತೇಪೆಗಳ ಮೇಲೆ ಮತ್ತೆ ತೇಪೆ ಹಾಕಿದ್ದೆವು. ಬಿದಿರು ತರೋಣವೆಂದರೆ ಕಾಡಿನೊಳಕ್ಕೆ ಕಾಲಿಡುವಂತಿಲ್ಲ. ನಮ್ಮವರಿಗೆ ತೇಪೆ ಹಾಕಿ ಹಾಕಿ ಬೇಜಾರಾಗಿತ್ತು.

ಯಾರೋ ಅವರ ಫೋನಿಗೆ ಒಂದು ಫೋಟೋ ಕಳಿಸಿದ್ದರು. ಹುಣಸೂರಿನ ಹೊರಗಿನ ಒಂದು ಗುಜರಿ ಅಂಗಡಿಯ ಅಂಗಳದಲ್ಲಿ ಮಗುಚಿ ಹಾಕಿದ್ದ ಅಲ್ಯೂಮಿನಿಯಂ ದೋಣಿಗಳ ಫೋಟೋ. ಆ ಫೋಟೋವನ್ನು ಅವರು ಊಟ ಮಾಡುವಾಗ ನೋಡುತ್ತಿದ್ದರು, ಚಾಪೆಯ ಮೇಲೆ ಮಲಗಿ ನೋಡುತ್ತಿದ್ದರು. ಹೆಣ್ಣು ನೋಡಲು ಬಂದಾಗ ನನ್ನ ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲ ಎಂದು ಛೇಡಿಸಿದೆ. ಇದಕ್ಕೆ ಬೊಡ್ಡೆ ಚುಚ್ಚಿದರೂ ತೂತಾಗುವುದಿಲ್ಲವಲ್ಲ ಎಂದರು.

ಅತ್ತೆ ಬೇಡವೆನ್ನಲಿಲ್ಲ. ಒಂದೇ ಮಾತು ಕೇಳಿದರು.

"ತರೋದಾದ್ರೆ ತಕಬಾ ಮಗ. ಆದ್ರೆ ನೀರಿಗೆ ಕೊಟ್ಟು ನೋಡ್ದೆ ಅದ್ರಲ್ಲಿ ಇವಳ್ನ ಕೂರಿಸ್ಬ್ಯಾಡ."

ನೀರಿಗೆ ಕೊಡುವುದೆಂದರೆ ಅವರ ಮನೆತನದ ಪದ್ಧತಿ. ಹೊಸ ತೆಪ್ಪ ತಂದ ದಿನ ಅದನ್ನು ಮೊಣಕಾಲುದ್ದ ನೀರಿಗೆ ಎಳೆದೊಯ್ದು, ಅಂಚಿನವರೆಗೂ ನೀರು ತುಂಬಿ, ಮನೆಯ ಹಿರಿಯ ಹೆಂಗಸು ಅದರೊಳಗೆ ಹೋಗಿ ಕೂರಬೇಕು. ಬಿದಿರಿಗೆ ತೇಲುವ ಗುಣ ಇರುವುದರಿಂದ ನೀರು ತುಂಬಿದ ತೆಪ್ಪವೂ ನೆಲ ಮುಟ್ಟುವುದಿಲ್ಲ. ಅಂಚು ನೀರಿನ ಮಟ್ಟಕ್ಕೆ ಬಂದು, ಕೂತವರನ್ನು ಅರೆಬರೆಯಾಗಿಯಾದರೂ ಹೊತ್ತುಕೊಂಡಿರುತ್ತದೆ. ಹಾಗೆ ಹೊತ್ತರೆ ಆ ತೆಪ್ಪ ನಡುನೀರಿನಲ್ಲಿ ಕೈಬಿಡುವುದಿಲ್ಲ ಎಂದು ಅರ್ಥ. ಆಮೇಲೆ ಅದನ್ನು ಹಾಗೆಯೇ ನೀರು ತುಂಬಿದಂತೆ ಬೆಳಗಿನವರೆಗೂ ಬಿಡುತ್ತಾರೆ. ಅತ್ತೆಯ ಅತ್ತೆಯೂ ಹಾಗೆ ಕೂತಿದ್ದರಂತೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ನಾನೂ ನಮ್ಮವರೂ ಹುಣಸೂರಿಗೆ ಹೋದೆವು. ಅಂಗಡಿಯ ಹಿಂದೆ ಹುಣಸೆಮರದ ಕೆಳಗೆ ಎರಡು ದೋಣಿಗಳು ಬೋರಲು ಬಿದ್ದಿದ್ದವು. ಯಾವುದೋ ರೆಸಾರ್ಟಿನವರು ಕೆರೆಯಲ್ಲಿ ಬಿಟ್ಟಿದ್ದು, ಅದು ಮುಚ್ಚಿದ ಮೇಲೆ ಗುಜರಿಗೆ ಬಂದದ್ದು ಎಂದು ಅಂಗಡಿಯವನು ಹೇಳಿದ. ಒಳ್ಳೆಯ ಮನುಷ್ಯ, ಮಾತುಗಾರ. ನಮಗೆ ಟೀ ತರಿಸಿದ. ಆದರೆ ನೀರಿನ ವಿಷಯ ಅವನಿಗೆ ನನ್ನಷ್ಟೂ ಗೊತ್ತಿಲ್ಲವೆಂದು ಎರಡು ಮಾತಿಗೇ ತಿಳಿಯಿತು. ಹುಟ್ಟನ್ನು ಅವನು ಸಲಿಕೆ ಎನ್ನುತ್ತಿದ್ದ.

ಎರಡೂ ದೋಣಿ ನೋಡಲು ಅವಳಿಜವಳಿಯಂತಿದ್ದವು. ಅದೇ ಉದ್ದ, ಅದೇ ಅಗಲ, ತಳದಲ್ಲಿ ಉದ್ದಕ್ಕೆ ಎದ್ದುನಿಂತ ಅದೇ ಮೂರು ಏಣುಗಳು. ಒಳಗೆ ಕೂರಲು ಅಡ್ಡಡ್ಡ ಪೆಟ್ಟಿಗೆಯಂಥ ಸೀಟುಗಳು, ಅವನ್ನು ಸುತ್ತಲೂ ರಿವೆಟ್ ಹೊಡೆದು ಮುಚ್ಚಿದ್ದರು. ಒಂದರ ಸೀಟಿನ ರಿವೆಟ್ಟುಗಳು ಹಳತಾಗಿ ಕಪ್ಪಾಗಿದ್ದವು. ಇನ್ನೊಂದರವು ಹೊಸದಾಗಿ ಹೊಳೆಯುತ್ತಿದ್ದವು. ಅದನ್ನು ನಾನು ನೋಡಿದೆ, ರಿಪೇರಿ ಮಾಡಿಸಿ ಇಟ್ಟಿದ್ದಾನೆ, ಪರವಾಗಿಲ್ಲ ಎಂದುಕೊಂಡೆ.

ನಮ್ಮವರು ದೋಣಿ ಆರಿಸಿದ್ದು ಎತ್ತಿ ನೋಡಿ. ಇದನ್ನು ಓದುವವರಿಗೆ ವಿಚಿತ್ರವೆನಿಸಬಹುದು, ನಮಗೆ ಅದರಷ್ಟು ಸರಿಯಾದ ಅಳತೆ ಬೇರೊಂದಿಲ್ಲ. ಬೇಸಿಗೆ ಬಂತೆಂದರೆ ಹಿನ್ನೀರು ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಇವತ್ತು ಮನೆಯ ಮುಂದಿದ್ದ ನೀರು ಇನ್ನೊಂದು ತಿಂಗಳಿಗೆ ಕೂಗಳತೆಯಾಚೆ ಹೋಗಿರುತ್ತದೆ. ನಡುವೆ ಬರೀ ಕೆಸರು, ಬಿರುಕುಬಿಟ್ಟ ನೆಲ, ಹುಲ್ಲಿಗೆ ಬರುವ ಆನೆಗಳು. ತೆಪ್ಪವನ್ನು ಬೆನ್ನ ಮೇಲೆ ಬೋರಲು ಹೊತ್ತು ಅಷ್ಟು ದೂರ ನಡೆಯಬೇಕು, ಆನೆ ಕಂಡರೆ ಹೊತ್ತುಕೊಂಡೇ ಓಡಬೇಕು. ಆದ್ದರಿಂದ ನಮ್ಮಲ್ಲಿ ಹಗುರವೆಂದರೆ ಒಳ್ಳೆಯದು, ಭಾರವೆಂದರೆ ಕೆಟ್ಟದ್ದು.

ಹಳೆಯ ರಿವೆಟ್ಟಿನ ದೋಣಿಯ ಒಂದು ಕೊನೆಯನ್ನು ನಮ್ಮವರು ಎತ್ತಿದರು, ಇನ್ನೊಂದು ಕೊನೆಯನ್ನು ನಾನು. ಸೊಂಟ ಹಿಡಿದುಕೊಂಡಿತು. ಹೊಸ ರಿವೆಟ್ಟಿನದು ಎತ್ತಿದ ಕೂಡಲೇ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಒಂದೇ ಅಳತೆಯ ಎರಡು ದೋಣಿಗಳಲ್ಲಿ ಒಂದು ಯಾಕೆ ಅಷ್ಟು ಹಗುರ ಎಂಬ ಪ್ರಶ್ನೆ ನಮಗೆ ಬರಲೇ ಇಲ್ಲ. ಒಳ್ಳೆಯದು ಸಿಕ್ಕಿತು ಎನ್ನುವ ಸಡಗರದಲ್ಲಿದ್ದೆವು.

ನಾನೂ ನನ್ನ ಪಾಲಿನ ಪರೀಕ್ಷೆ ಮಾಡಿದೆ. ಕೊಡ ತೆಗೆದುಕೊಳ್ಳುವಾಗ ನಮ್ಮ ಹೆಂಗಸರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಠಣ್ಣೆಂದರೆ ಗಟ್ಟಿ, ದೊಪ್ಪೆಂದರೆ ಎಲ್ಲೋ ಒಡಕು. ಭಾರದ ದೋಣಿಯ ಸೀಟು ಬಡಿದರೆ ರಾಗಿ ಮೂಟೆ ಬಡಿದಂತೆ ದೊಪ್ಪೆಂದಿತು. ಹಗುರದ್ದರ ಸೀಟು ಠಣ್ಣೆಂದಿತು. ಆ ಸದ್ದು ಹುಣಸೆಮರದ ಕೆಳಗೆ ಒಂದು ಗಳಿಗೆ ಹಾಗೆಯೇ ಉಳಿಯಿತು. ನನಗೆ ಯಾಕೋ ಮೈ ಜುಂ ಎಂದಿತು, ಆದರೂ ಇದೇ ಒಳ್ಳೆಯದೆಂದು ತಲೆಯಾಡಿಸಿದೆ. ಅಭ್ಯಾಸ ಹೇಳಿಕೊಟ್ಟದ್ದನ್ನು ಕಿವಿ ಕೇಳಿತು.

ದೋಣಿಯನ್ನು ಟೆಂಪೋಗೆ ಏರಿಸಿ ಹಗ್ಗ ಬಿಗಿಯುವಾಗ ಅಂಗಡಿಯವನು ಇನ್ನೊಂದನ್ನು ತೋರಿಸಿ, ಇದೂ ಯಾರಿಗಾದರೂ ಬೇಕಿದ್ದರೆ ಹೇಳಿ ಎಂದ. ನಮ್ಮವರು ಹುರುಪಿನಲ್ಲಿದ್ದರು.

"ಅದು ಭಾರ ಕಣಣ್ಣ, ನಮ್ಮೋರು ಯಾರೂ ಮುಟ್ಟಕಿಲ್ಲ. ಇಂಗೆ ಅಗುರವಾಗಿದ್ರೆ ಕಣ್ಣಿಗೊತ್ಕೊಂಡು ತಕೋಯ್ತಾರೆ."

ಅಂಗಡಿಯವನು ಹೌದಾ ಎಂದು ಆ ದೋಣಿಯನ್ನು ಒಮ್ಮೆ ನೋಡಿದ. ನಾವು ಹೊರಟೆವು. ಕೋಟೆ ರಸ್ತೆಯುದ್ದಕ್ಕೂ ಗಾಳಿ ಹೊಕ್ಕು ಹಿಂದಿನಿಂದ ದೋಣಿ ಹೂಂ ಎನ್ನುತ್ತಲೇ ಬಂತು. ಟೆಂಪೋ ಡ್ರೈವರು ಎರಡು ಸಲ ಇಳಿದು ಹಗ್ಗ ಸಡಿಲವಾಗಿದೆಯೇ ಎಂದು ನೋಡಿದ. ಹಗ್ಗ ಬಿಗಿಯಾಗಿಯೇ ಇತ್ತು.

ಅಂದು ಸಾಯಂಕಾಲವೇ ಅದನ್ನು ನೀರಿಗೆ ಕೊಟ್ಟೆವು. ಮನೆಯ ಮುಂದಿನ ಕೊರಕಲಿನಲ್ಲಿ ಅಲೆಯಿಲ್ಲದ ನೀರು, ತಳದಲ್ಲಿ ಜೇಡಿಮಣ್ಣು. ಪದ್ಧತಿಯಂತೆ ನಮ್ಮವರು ಮೊಣಕಾಲು ಮುಳುಗುವಲ್ಲಿ ನಿಂತು ದೋಣಿಯನ್ನು ಎಳೆದುಕೊಂಡರು, ಕೊಡದಲ್ಲಿ ನೀರು ಮೊಗೆದು ಮೊಗೆದು ತುಂಬಿದೆವು. ತಗಡು ಒಮ್ಮೆ ನರಳಿದಂತೆ ಸದ್ದು ಮಾಡಿ ಕೆಳಗಿಳಿಯಿತು. ಅಂಚು ಸರಿಯಾಗಿ ನೀರಿನ ಮಟ್ಟಕ್ಕೆ ಬಂದು ನಿಂತಿತು. ಎಷ್ಟೋ ತೆಪ್ಪಗಳು ಅದೇ ಜಾಗದಲ್ಲಿ ಹಾಗೆಯೇ ನಿಂತದ್ದನ್ನು ಅತ್ತೆ ಕಂಡಿದ್ದರು. ಸೀರೆ ಎತ್ತಿ ಕಟ್ಟಿ, ಒಳಗೆ ಹೋಗಿ, ನೀರಿನಲ್ಲಿ ಸೊಂಟದವರೆಗೂ ಮುಳುಗಿ ಕೂತರು. ದೋಣಿ ಕದಲಲಿಲ್ಲ.

"ಬಂಡೆ ಮ್ಯಾಲೆ ಕುಂತಂಗದೆ ಕಣವ್ವ. ತೆಪ್ಪನಾದ್ರೂ ವಸಿ ಅಲ್ಲಾಡ್ತದೆ, ಇದು ಅಲ್ಲಾಡದೂ ಇಲ್ಲ."

ಅವರ ಮುಖದಲ್ಲಿ ಅಷ್ಟು ಸಮಾಧಾನವನ್ನು ನಾನು ಅಪರೂಪಕ್ಕೆ ನೋಡಿದ್ದೆ. ನನಗಾಗಿ ಅವರು ಆ ತಣ್ಣನೆಯ ನೀರಿನಲ್ಲಿ ಕೂತಿದ್ದರು, ಅದು ನನಗೆ ಗೊತ್ತಿತ್ತು. ಆದರೂ ನಾನು ಬೆರಳಿನಿಂದ ಅಂಚನ್ನು ತಳ್ಳಿದೆ. ನೀರು ತುಂಬಿದ ತೆಪ್ಪ ಬೆರಳು ಸೋಕಿದರೆ ಸಾಕು, ನಿದ್ದೆಯಲ್ಲಿ ಮಗ್ಗುಲಾದಂತೆ ಸ್ವಲ್ಪ ತಿರುಗುತ್ತದೆ. ಇದು ಬೆರಳಿಗೂ ಅಂಗೈಗೂ ಜಗ್ಗಲಿಲ್ಲ. ಯಾಕೆ ಹೀಗೆ ಎಂದು ಕೇಳಿದೆ. ತೆಪ್ಪ ಬುಟ್ಟಿ, ಇದು ದೋಣಿ, ಬುಟ್ಟಿಯ ಹಾಗೆ ದೋಣಿ ಕುಣಿಯುತ್ತದೆಯೇ ಎಂದು ನಮ್ಮವರು ನಕ್ಕರು. ಅದೂ ಸರಿಯೆನಿಸಿತು. ಬೆಳಗ್ಗೆ ನೀರು ಮೊಗೆದುಹಾಕಿ ದೋಣಿಯನ್ನು ಎಳೆದಾಗ ಅದು ಬಿಡಿಸಿಕೊಂಡು ಬಂದಂತೆ ಪಚಕ್ಕೆಂದು ಸದ್ದಾಯಿತು. ಕೆಸರು ಕಲಕಿ ನೀರು ಕೆಂಪಾಯಿತು, ಏನೂ ಕಾಣಲಿಲ್ಲ.

ಅಲ್ಲಿಂದ ಮುಂದೆ ದಿನಾ ಅದರಲ್ಲೇ ಹೋದೆವು. ಓಡುವುದೇನೋ ಚೆನ್ನಾಗಿ ಓಡುತ್ತಿತ್ತು. ತೆಪ್ಪದಲ್ಲಿ ಬಿಸಿಲೇರುವ ಹೊತ್ತಿಗೆ ತಲುಪುತ್ತಿದ್ದ ಜಾಗಕ್ಕೆ ಇದರಲ್ಲಿ ಮಂಜು ಹರಿಯುವ ಮೊದಲೇ ತಲುಪುತ್ತಿದ್ದೆವು. ಬೊಡ್ಡೆ ತಾಗಿದರೆ ಹೊಟ್ಟೆ ಹರಿಯುವ ಭಯವಿಲ್ಲ. ಆದರೆ ತಾಗಿದಾಗ ಆಗುವ ಸದ್ದಿದೆಯಲ್ಲ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಕೆಳಗಿನಿಂದ ಯಾರೋ ಉಗುರಿನಲ್ಲಿ ಕೆರೆದಂತೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಗುತ್ತಿತ್ತು. ಕೂತ ಸೀಟು ಆ ಸದ್ದನ್ನು ಹಿಡಿದುಕೊಂಡು ಸುಮಾರು ಹೊತ್ತು ಗುಂಯ್‌ಗುಡುತ್ತಿತ್ತು. ಪ್ರತಿಸಲವೂ ನಾನು ಸೀಟಿನ ಮೇಲಿನಿಂದ ಎದ್ದುಬಿಡುತ್ತಿದ್ದೆ, ಪ್ರತಿಸಲವೂ ನಮ್ಮವರು ಕೂತ್ಕೊಳೇ ಎಂದು ಗದರುತ್ತಿದ್ದರು. ಮೊದಲು ನಗುತ್ತಾ ಗದರುತ್ತಿದ್ದರು, ಆಮೇಲೆ ನಗು ಹೋಯಿತು.

ತೆಪ್ಪದಲ್ಲಿ ಕಲಿತ ಮೈ ಬೇಗ ಬದಲಾಗುವುದಿಲ್ಲ. ಬಲೆಯಲ್ಲಿ ದೊಡ್ಡ ಕಾಟ್ಲಾ ಬಂದರೆ ಇಬ್ಬರೂ ಒಂದೇ ಕಡೆಗೆ ಬಗ್ಗುತ್ತಿದ್ದೆವು. ತೆಪ್ಪದಲ್ಲಿ ಹಾಗೆಯೇ ಮಾಡುವುದು. ಒಂದು ದಿನ ಹಾಗೆ ಬಗ್ಗಿದಾಗ ಅಂಚಿನ ಮೇಲಿನಿಂದ ನೀರು ಒಳಕ್ಕೆ ಬಂತು. ಹೆಚ್ಚೇನಿಲ್ಲ, ಹಿಮ್ಮಡಿ ಮುಳುಗುವಷ್ಟು. ತೆಪ್ಪದಲ್ಲಾದರೆ ಅಷ್ಟು ನೀರಿನ ನಡುವೆ ಕೂತು ಎಲೆಯಡಿಕೆ ಹಾಕಿಕೊಳ್ಳಬಹುದು. ಇದು ಹಾಗಲ್ಲ, ತಟ್ಟನೆ ಕುಗ್ಗಿಹೋಯಿತು. ಒಳಗಿನ ನೀರು ನಾವು ವಾಲಿದ ಕಡೆಗೇ ಓಡಿ ಓಡಿ ಬಂತು. ನಮ್ಮವರು ಮೀನು ಬಿಟ್ಟು, ಮಾತು ಬಿಟ್ಟು, ಊಟದ ಡಬ್ಬಿಯ ಮುಚ್ಚಳದಲ್ಲಿ ನೀರು ಎತ್ತಿಹಾಕತೊಡಗಿದರು. ನಾನೂ ಬೊಗಸೆಯಲ್ಲಿ ಮೊಗೆದು ಚೆಲ್ಲಿದೆ. ದಡಕ್ಕೆ ಬಂದ ಮೇಲೆ ಅವರು ಇದನ್ನು ಅವ್ವನಿಗೆ ಹೇಳಬೇಡ ಎಂದರು. ನಾನು ಹೇಳಿದೆ. ಅತ್ತೆ ಕೇಳಿಸಿಕೊಂಡು, ನೀರಿಗೆ ಕೊಟ್ಟು ನೋಡಿದ್ದೇವಲ್ಲ, ಕೈಬಿಡುವುದಿಲ್ಲ ಎಂದು ನನಗೆ ಧೈರ್ಯ ಹೇಳಿದರು. ಅವರು ಹೇಳಿದ್ದರಿಂದ ನಾನು ಮರುದಿನವೂ ಹೋಗಿ ಕೂತೆ.

ಶಿವರಾತ್ರಿ ಮುಗಿಯುವ ಹೊತ್ತಿಗೆ ನೀರು ಹಿಂದಕ್ಕೆ ಸರಿಯಲು ಶುರುವಾಯಿತು. ಆ ವಾರ ನನಗೆ ಜ್ವರ. ನನ್ನ ಜಾಗದಲ್ಲಿ ಅತ್ತೆ ಹೋದರು. ಎಷ್ಟೋ ವರ್ಷದ ಮೇಲೆ ಮತ್ತೆ ನೀರಿನ ಮೇಲೆ ಹೋಗುವ ಖುಷಿಗೆ ಹೊಸ ಸೀರೆ ಉಟ್ಟುಕೊಂಡು ಹೋದರು. ಅವರಿಗೆ ಈಜು ಬರುತ್ತಿತ್ತು, ಆದರೆ ಅದು ಮಂಡಿ ನೆಟ್ಟಗಿದ್ದ ಕಾಲದ ಮಾತು.

ಮಧ್ಯಾಹ್ನಕ್ಕೆ ಜ್ವರ ಇಳಿಯಿತು. ಒಣಗಲು ಹಾಕಿದ್ದ ಹಳೆಯ ಬಲೆ ತೆಗೆಯಲೆಂದು ಕೊರಕಲಿಗೆ ಇಳಿದೆ. ಅಲ್ಲಿ ನೀರಿರಲಿಲ್ಲ. ಕೆಲವು ದಿನದಲ್ಲೇ ಅಷ್ಟು ದೂರ ಸರಿದು, ಜೇಡಿಮಣ್ಣು ಹೊಳೆಯುತ್ತಾ ಬಯಲಾಗಿ ಬಿದ್ದಿತ್ತು. ಕೊಕ್ಕರೆ ಹೆಜ್ಜೆ, ದನದ ಗೊರಸು, ಅಲ್ಲಲ್ಲಿ ಸತ್ತ ಜಿಲೇಬಿ ಮೀನು. ಅವುಗಳ ನಡುವೆ ಉದ್ದಕ್ಕೆ ಮೂರು ಗೆರೆಗಳಿದ್ದವು, ನೇಗಿಲ ಸಾಲು ಎಳೆದಷ್ಟು ನೇರವಾಗಿ. ಮೊದಲಿಗೆ ನನಗೆ ಏನೆಂದು ತಿಳಿಯಲಿಲ್ಲ. ಹತ್ತಿರ ಹೋದೆ. ಗೆರೆಗಳ ಸುತ್ತ ದೋಣಿಯಾಕಾರದ ತಗ್ಗು, ಅದರ ನಡುವೆ, ಅತ್ತೆ ಕೂತಿದ್ದ ಜಾಗದಲ್ಲಿ, ಗೆರೆಗಳು ಎರಡು ಬೆರಳು ಆಳಕ್ಕೆ ಇಳಿದಿದ್ದವು.

ಅದು ನಮ್ಮ ದೋಣಿಯ ತಳದ ಅಚ್ಚು. ತೇಲಿದ್ದ ದೋಣಿಯ ಅಚ್ಚು ನೆಲದ ಮೇಲೆ ಮೂಡುವುದಿಲ್ಲ. ಅಂದು ಅದು ತೇಲಿರಲೇ ಇಲ್ಲ. ನೀರು ತುಂಬಿದ ಕೂಡಲೇ ಮುಳುಗಿ ನೆಲ ಕಚ್ಚಿ ಕೂತಿತ್ತು. ದೋಣಿಯ ಎತ್ತರವೂ ಮೊಣಕಾಲುದ್ದ, ನೀರಿನ ಆಳವೂ ಮೊಣಕಾಲುದ್ದ. ಆದ್ದರಿಂದ ಅಂಚು ನೀರಿನ ಮಟ್ಟಕ್ಕೆ ಕಂಡಿತ್ತು. ಮೊಣಕಾಲಿಗಿಂತ ಗಿಡ್ಡನೆಯ ಬುಟ್ಟಿಗೆಂದು ಹಿರಿಯರು ಮಾಡಿಟ್ಟ ಆಳದಲ್ಲಿ ನಾವು ದೋಣಿಯನ್ನು ಪರೀಕ್ಷೆ ಮಾಡಿದ್ದೆವು. ಅತ್ತೆ ಬಂಡೆಯ ಮೇಲೆ ಕೂತಂತಿದೆ ಎಂದರಲ್ಲ, ಅವರು ಕೂತದ್ದು ನೆಲದ ಮೇಲೆಯೇ.

ನನಗೆ ಜ್ವರ ಮರಳಿ ಬಂದಂತೆ ಚಳಿಯಾಯಿತು. ತಲೆಯೆತ್ತಿ ನೋಡಿದೆ. ಆಚೆ ದಡದ ಕಾಡಿನ ಕಡೆಯಿಂದ ಗಾಳಿ ಎದ್ದು ನೀರಿನ ಮೇಲೆ ಕಪ್ಪು ಪಟ್ಟಿಯಾಗಿ ಬರುತ್ತಿತ್ತು. ಒಣಮರಗಳ ಆಚೆ ದೋಣಿ ಬಿಸಿಲಿಗೆ ಮಿಂಚುತ್ತಿತ್ತು, ಅದರಲ್ಲಿ ಎರಡು ತಲೆ. ನಾನು ಕೆಸರಿನಲ್ಲಿ ಓಡಿದೆ, ಮೊಣಕಾಲವರೆಗೆ ಹೂತುಕೊಂಡು ನಿಂತು ಸೆರಗು ಬೀಸಿ ಕೂಗಿದೆ. ಬನ್ನಿ, ದಡಕ್ಕೆ ಬನ್ನಿ ಎಂದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು, ಮಾತು ಅವರಿಗೆ ಮುಟ್ಟಲಿಲ್ಲ. ಸೆರಗು ಮಾತ್ರ ಕಂಡಿರಬೇಕು. ಅತ್ತೆ ಕೈಬೀಸಿದರು. ಮನೆಯಲ್ಲಿ ಏನಾಯಿತೋ ಎಂದು ನೋಡಲು ನಮ್ಮವರು ದೋಣಿಯಲ್ಲಿ ಎದ್ದು ನಿಂತರು. ಅವರನ್ನು ಹಿಡಿದುಕೊಂಡು ಅತ್ತೆಯೂ ಅದೇ ಕಡೆಗೆ ಏಳತೊಡಗಿದರು.

ನಾನು ತಟ್ಟನೆ ಕೆಸರಿನಲ್ಲಿ ಕೂತುಬಿಟ್ಟೆ. ಬೇರೇನೂ ತೋಚಲಿಲ್ಲ. ಕೂಗುವುದು ನಿಲ್ಲಿಸಿ, ಸೆರಗು ಇಳಿಸಿ, ಅಲ್ಲಾಡದೆ ಕೂತೆ. ನಾನು ಸುಮ್ಮನಾದರೆ ಅವರೂ ಕೂರುತ್ತಾರೆ ಎಂದು ಅದೊಂದೇ ಆಸೆ. ನಮ್ಮವರು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ದೋಣಿ ಒಂದು ಕಡೆಗೆ ಇಳಿದದ್ದು ನನಗೆ ಕಂಡಿತು, ತಳದ ಬೆಳ್ಳಿ ಬಣ್ಣ ಮೇಲೆದ್ದದ್ದು ಕಂಡಿತು. ಆಮೇಲೆ ಅವರು ಕೂತರು. ದೋಣಿ ಈ ಕಡೆ ಮುಖ ಮಾಡಿತು. ಅದು ದಡಕ್ಕೆ ಬರುವವರೆಗೆ ನಾನು ಕೆಸರಿನಿಂದ ಏಳಲಿಲ್ಲ.

ಬಂದವರಿಗೆ ನಾನು ಅಚ್ಚು ತೋರಿಸಿದೆ. ನಮ್ಮವರಿಗೆ ಹೇಳಬೇಕಾಗಲಿಲ್ಲ. ಅತ್ತೆ ಬಗ್ಗಿ, ತಾವು ಕೂತಿದ್ದ ಜಾಗದ ಗೆರೆಯಲ್ಲಿ ಬೆರಳಿಟ್ಟು ಆಳ ನೋಡಿದರು. ಆ ಬೆರಳನ್ನು ಸೀರೆಗೆ ಒರೆಸಿಕೊಂಡು, ನನ್ನ ಮುಖ ನೋಡದೆ ಒಂದು ಮಾತು ಹೇಳಿದರು.

"ನಾನೇ ನಿನ್ನ ಇದ್ರಲ್ಲಿ ಕೂರಿಸ್ದೆ ಕಣವ್ವ."

ನನಗೆ ಅಳು ಬಂತು. ಅವರ ಕೈ ಹಿಡಿದುಕೊಂಡೆ. ನಮ್ಮವರು ಮನೆಗೆ ಹೋಗಿ ಉಳಿ ಸುತ್ತಿಗೆ ತಂದು ಸೀಟಿನ ಹೊಸ ರಿವೆಟ್ಟುಗಳನ್ನು ಒಂದೊಂದಾಗಿ ಹಾರಿಸಿದರು. ಮುಚ್ಚಳ ಎತ್ತಿದರೆ ಒಳಗೆ ಖಾಲಿ. ದೋಣಿ ಮುಳುಗಿದರೆ ತಗಡಿನ ಸಂದುಗಳಿಂದ ಅದರೊಳಕ್ಕೂ ನೀರು ತುಂಬಿಕೊಳ್ಳುತ್ತಿತ್ತು. ಮೂಲೆಯಲ್ಲಿ ಅಕ್ಕಿನುಚ್ಚಿನಂತೆ ಬೆಳ್ಳಗೆ ಥರ್ಮಾಕೋಲಿನ ಚೂರು ಅಂಟಿಕೊಂಡಿದ್ದವು. ಎಲ್ಲ ಸೀಟುಗಳೂ ಹಾಗೆಯೇ. ದೋಣಿ ಮಾಡಿದವರು ಅದರ ಹೊಟ್ಟೆಯಲ್ಲಿ ತುಂಬಿ ಕಳಿಸಿದ್ದು ಅದನ್ನೇ, ನೀರು ನುಗ್ಗಿದರೂ ಮುಳುಗದಿರಲೆಂದು. ಅದನ್ನು ಯಾರೋ ತೆಗೆದುಹಾಕಿದ್ದರು. ನಾವು ಎತ್ತಿ ನೋಡಿ ಮೆಚ್ಚಿದ ಹಗುರ, ನಾನು ಬಡಿದು ಒಪ್ಪಿದ ಠಣ್ಣೆನ್ನುವ ಸದ್ದು, ಎರಡೂ ಆ ಖಾಲಿಯದೇ.

ಮರುದಿನ ಹುಣಸೂರಿಗೆ ಹೋದೆವು. ದಾರಿಯುದ್ದಕ್ಕೂ ನಮ್ಮವರು ಜಗಳಕ್ಕೆ ಮಾತು ಜೋಡಿಸುತ್ತಿದ್ದರು. ಇದನ್ನು ಅವನ ಮುಂದೆ ಬಿಸಾಡಿ ಆ ಭಾರದ ದೋಣಿ ತರುವುದು ಎಂದು ತೀರ್ಮಾನವಾಗಿತ್ತು. ಭಾರದ್ದರ ಸೀಟು ದೊಪ್ಪೆಂದಿತ್ತಲ್ಲ, ಅದರ ಹೊಟ್ಟೆ ತುಂಬಿಯೇ ಇರಬೇಕು ಎಂದು ನಾನೂ ಹೇಳಿದೆ. ಅಂಗಡಿಯವನು ನಮ್ಮನ್ನು ನೋಡಿ ಸಂತೋಷದಿಂದ ಎದ್ದು ಬಂದ. ಸೀಟಿನೊಳಗಿನದನ್ನು ಯಾಕೆ ತೆಗೆದೆ ಎಂದು ಕೇಳಿದಾಗ ಅವನ ಮುಖದಲ್ಲಿ ಕಳ್ಳತನವೇನೂ ಕಾಣಲಿಲ್ಲ. ಟಿ.ವಿ. ಡಬ್ಬದೊಳಗೆ ಇಟ್ಟಿರುತ್ತಾರಲ್ಲ, ಅಂಥದ್ದೇ ಪ್ಯಾಕಿಂಗ್ ಎಂದು ತಿಳಿದಿದ್ದನಂತೆ. ವರ್ಷಗಟ್ಟಲೆ ನೀರು ಹೀರಿ ನಾರುತ್ತಿತ್ತಂತೆ, ಭಾರ ಬೇರೆ. ಕಿತ್ತುಹಾಕಿ ಶುಚಿಮಾಡಿ ರಿವೆಟ್ ಹೊಡೆಸಿದನಂತೆ. ಅದು ಹೇಳುವಾಗ ಅವನಿಗೆ ಹೆಮ್ಮೆಯೇ ಇತ್ತು.

ನಮ್ಮವರ ಜಗಳ ಬಾಯಲ್ಲೇ ಉಳಿಯಿತು. ನಾನು ಹುಣಸೆಮರದ ಕಡೆಗೆ ನೋಡಿದೆ. ಕೆಳಗೆ ಏನೂ ಇರಲಿಲ್ಲ. ಇನ್ನೊಂದೆಲ್ಲಿ ಎಂದು ಕೇಳಿದೆ.

"ಅದು ಓದ್ವಾರನೇ ಓಯ್ತಕ್ಕ. ನೀವು ಏಳಿದ್ರಲ್ಲ, ಅಗುರವಾಗಿದ್ರೆ ತಕೋಯ್ತಾರೆ ಅಂತ. ಅದ್ರೊಳಗಿಂದೂ ತಗ್ದು ಕೊಟ್ಟೆ."

ಯಾರು ಕೊಂಡರೆಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಕೇರಳದ ಗಡಿಯ ಕಡೆಯವರು, ಬೇಗೂರಿನ ಸುತ್ತಮುತ್ತಲ ಯಾವುದೋ ಊರು, ಹೊಸದಾಗಿ ಮದುವೆಯಾದವರಂತೆ ಕಾಣುತ್ತಿದ್ದರು ಎಂದ. ಫೋನ್ ನಂಬರ್ ತೆಗೆದುಕೊಂಡಿರಲಿಲ್ಲ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಹಿಡಿದು ಎತ್ತಿ ನೋಡಿದರಂತೆ. ಎಷ್ಟು ಹಗುರವೆಂದು ಇಬ್ಬರೂ ನಕ್ಕರಂತೆ. ನಮ್ಮವರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಅಂಗಡಿಯವನಿಗೆ ನಾನು ನಿಧಾನವಾಗಿ ಎಲ್ಲ ಬಿಡಿಸಿ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

ಬೇಗೂರಿನ ಕಡೆಗೆ ಹೋಗಿ ಮೀನು ಹಿಡಿಯುವವರನ್ನೆಲ್ಲ ಕೇಳಿದೆವು. ಅಂಥ ದೋಣಿ ಯಾರೂ ನೋಡಿರಲಿಲ್ಲ. ದಡದಲ್ಲಿ ಸಿಕ್ಕವರಿಗೆ, ಟೀ ಅಂಗಡಿಯವರಿಗೆ, ಟೆಂಪೋದವರಿಗೆ ಹೇಳಿಬಂದೆವು. ಕಾಡಿನಂಚಿನ ಎಷ್ಟೋ ಕಡೆ ಫೋನೂ ಸಿಗುವುದಿಲ್ಲ. ಆಮೇಲೂ ನಮ್ಮವರು ಒಬ್ಬರೇ ಹೋಗಿ ಹುಡುಕಿ ಬಂದರು, ಬರಿಗೈಯಲ್ಲಿ ಬಂದರು.

ನಮ್ಮ ದೋಣಿಯ ಸೀಟಿನೊಳಗೆ ಈಗ ಬಾಯಿ ಮುಚ್ಚಿದ ಖಾಲಿ ಕ್ಯಾನುಗಳಿವೆ. ಅವನ್ನು ತುಂಬಿದ ಮೇಲೆ ಕುತ್ತಿಗೆಯುದ್ದ ನೀರಿಗೆ ಒಯ್ದು ಮತ್ತೆ ನೀರಿಗೆ ಕೊಟ್ಟೆವು. ನಮ್ಮವರು ಅದರಡಿಯಲ್ಲಿ ಮುಳುಗಿ ಕೈಯಾಡಿಸಿ, ನೆಲಕ್ಕೂ ತಳಕ್ಕೂ ನಡುವೆ ನೀರಿದೆಯೆಂದು ನೋಡಿಕೊಂಡರು. ನಾನು ಅದರಲ್ಲೇ ಕೂತು ಬಲೆ ಎಳೆಯುತ್ತೇನೆ. ಬೊಡ್ಡೆ ತಾಗಿದರೆ ಅದು ಈಗ ಮೊದಲಿನಂತೆ ಗುಂಯ್‌ಗುಡುವುದಿಲ್ಲ.

ಆದರೆ ಮಧ್ಯಾಹ್ನದ ಮೇಲೆ ಗಾಳಿ ಎದ್ದಾಗ ನಮ್ಮವರು ಹುಟ್ಟು ಹಾಕುವುದು ನಿಲ್ಲಿಸಿ ಬೇಗೂರಿನ ದಿಕ್ಕಿಗೆ ನೋಡುತ್ತಾರೆ. ನಾನೂ ನೋಡುತ್ತೇನೆ. ಯಾವ ನೀರಿನ ಮೇಲೋ ಹಗುರವಾದ ದೋಣಿಯೊಂದರಲ್ಲಿ ಒಬ್ಬಳು ಕೂತಿರುತ್ತಾಳೆ. ಅವಳಿಗೆ ಈಜು ಬರುತ್ತದೆಯೇ ಎಂದು ಅಂಗಡಿಯವನನ್ನು ನಾವು ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಗೊತ್ತಿರುತ್ತಿರಲಿಲ್ಲ.